ಯಂತ್ರ ನಾಲ್ಕು ಪಟ್ಟು, ಕ್ಯಾಶ್ ಮಾತ್ರ ಅಷ್ಟೇ

ಸಂಪಾದಕರಿಗೆ,

ಮಾನ್ಯರೇ,

ಫಲಿತಾಂಶವೋ ಪ್ರವೇಶ ಪಟ್ಟಿಯೋ ಪ್ರಕಟವಾದ ದಿನ ಜಾಲತಾಣವೊಂದು ಕೈಕೊಟ್ಟರೆ ‘ಸರ್ವರ್ ಡೌನ್’ ಎಂಬ ಎರಡು ಪದಗಳಲ್ಲಿ ಸುದ್ದಿ ಮುಗಿಯುತ್ತದೆ; ‘ಹೆಚ್ಚಿನ ಸಾಮರ್ಥ್ಯದ ಸರ್ವರ್ ಅಳವಡಿಸಲಾಗುವುದು’ ಎಂಬ ಭರವಸೆ ಅದೇ ಸುದ್ದಿಯ ಕೊನೆಯ ಸಾಲಿನಲ್ಲಿರುತ್ತದೆ. ಸರ್ವರ್ ನೋಡಿಕೊಳ್ಳುವುದೇ ಕಸುಬಾಗಿರುವ ನನಗೆ ಈ ಭರವಸೆಯ ಬಗ್ಗೆ ತಕರಾರಿದೆ. ಎಷ್ಟೋ ಕಡೆ ಕೊರತೆಯಿರುವುದು ಯಂತ್ರದ ಸಾಮರ್ಥ್ಯದಲ್ಲಲ್ಲ. ತಂತ್ರಾಂಶದ ಜೊತೆಗೆ ಬಂದ ಡೀಫಾಲ್ಟ್ ಮೌಲ್ಯಗಳನ್ನು ಯಾರೂ ತೆರೆದು ನೋಡದೇ ಇರುವುದರಲ್ಲಿ.

ಹೆಸರು ಬೇಡ, ಒಂದು ಖಾಸಗಿ ಶಿಕ್ಷಣ ಸಂಸ್ಥೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪ್ರವೇಶ ಪಟ್ಟಿ ಹಾಕಿದ ದಿನ ಅವರ ಜಾಲತಾಣ ಬೆಳಿಗ್ಗೆ ಹತ್ತಕ್ಕೇ ಮಲಗಿತು. ಮುಂದಿನ ವರ್ಷಕ್ಕೆಂದು 8 ಜಿಬಿ ಮೆಮೊರಿಯ ಯಂತ್ರ ತೆಗೆದು 32 ಜಿಬಿಯದನ್ನು ತಂದರು. ಆ ವರ್ಷವೂ ಮಲಗಿತು, ಹತ್ತರ ಬದಲು ಹತ್ತೂವರೆಗೆ. ಅಷ್ಟಾದ ಮೇಲೆ ನನಗೆ ಕರೆ ಬಂತು. ಜಾಲತಾಣದ ಮುಂದೆ ವಾರ್ನಿಷ್ ಎಂಬ ಮುಕ್ತ ತಂತ್ರಾಂಶವನ್ನು ಕೂರಿಸಿದ್ದರು. ಒಮ್ಮೆ ಸಿದ್ಧವಾದ ಪುಟದ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಅದೇ ಪುಟವನ್ನು ಮತ್ತೆ ಕೇಳಿದವರಿಗೆ ತನ್ನ ಹಿಂದೆ ನಿಂತು ಪುಟ ತಯಾರಿಸುವ ಯಂತ್ರವನ್ನು ಎಬ್ಬಿಸದೆ ಕೊಟ್ಟು ಕಳುಹಿಸುವುದು ಅದರ ಕೆಲಸ. ಇದನ್ನೇ ಕ್ಯಾಶ್ ಎನ್ನುತ್ತಾರೆ. (ಈ ಪದ ಕೇಳಿದ ಲೆಕ್ಕಪತ್ರ ವಿಭಾಗದವರು ‘ಚೆಕ್ ಕೊಟ್ಟರೆ ಆಗುವುದಿಲ್ಲವೇ?’ ಎಂದದ್ದೂ ಉಂಟು.) ಸೇವೆಯನ್ನು ಚಾಲೂ ಮಾಡುವ ಫೈಲನ್ನು ತೆರೆದರೆ, ಸಾಲಿನ ಕೊನೆಯಲ್ಲಿ ‘ಮ್ಯಾಲಾಕ್, 256ಎಂ’ ಎಂದಿತ್ತು. ಪ್ಯಾಕೇಜಿನ ಜೊತೆಗೇ ಬಂದ ಅಂಕಿ ಅದು. ಯಂತ್ರದ ಮೆಮೊರಿ ನಾಲ್ಕು ಪಟ್ಟಾದರೂ ಕ್ಯಾಶ್‌ಗೆ ಸಿಕ್ಕಿದ್ದು ಅದೇ 256 ಎಂಬಿ.

ಅದಕ್ಕಿಂತ ದೊಡ್ಡ ತೊಡಕು ಕುಕೀಯದು. ಭೇಟಿ ಕೊಟ್ಟವರನ್ನು ಎಣಿಸಲೆಂದು ಪುಟದಲ್ಲಿ ಒಂದು ಸ್ಕ್ರಿಪ್ಟ್ ಹಾಕಿದ್ದರು. ಅದು ಪ್ರತಿಯೊಬ್ಬರ ಬ್ರೌಸರ್‌ನಲ್ಲೂ ಒಂದು ಕುಕೀ, ಅಂದರೆ ಗುರುತಿನ ಚೀಟಿಯಂಥ ಪುಟ್ಟ ಮಾಹಿತಿ, ಇಟ್ಟಿತು. ಆಮೇಲೆ ಬಂದ ಪ್ರತಿ ಕೋರಿಕೆಯೂ ಆ ಕುಕೀಯನ್ನು ಹೊತ್ತು ತಂದಿತು. ಕುಕೀ ಇರುವ ಕೋರಿಕೆಗೆ ಕ್ಯಾಶ್‌ನಿಂದ ಉತ್ತರಿಸದೆ ನೇರವಾಗಿ ಪುಟ ತಯಾರಿಸುವ ಯಂತ್ರಕ್ಕೇ ಕಳುಹಿಸುವುದು ವಾರ್ನಿಷ್‌ನಲ್ಲಿ ಹುಟ್ಟಿನಿಂದ ಬಂದ ನಿಯಮ. ಹೀಗಾಗಿ ಪಟ್ಟಿಯನ್ನು ಹತ್ತು ಸಲ ತೆರೆದು ನೋಡಿದ ಹುಡುಗನಿಗೆ ಹತ್ತೂ ಸಲ ಡೇಟಾಬೇಸ್‌ನಿಂದಲೇ ಪುಟ ತಯಾರಾಗುತ್ತಿತ್ತು, ಅದೂ ಎಲ್ಲರಿಗೂ ಒಂದೇ ಆಗಿದ್ದ ಪುಟ.

ನಿಯಮ ಮಾಡಿದವರು ದಡ್ಡರಲ್ಲ. ವಾರ್ನಿಷ್ ಹುಟ್ಟಿದ್ದೇ ಒಂದು ಪತ್ರಿಕೆಗಾಗಿ: ನಾರ್ವೆಯ ‘ವೆರ್ಡೆನ್ಸ್ ಗಾಂಗ್’ ತನ್ನ ಜಾಲತಾಣದ ದಟ್ಟಣೆ ತಡೆಯಲಾರದೆ ಮಾಡಿಸಿಕೊಂಡ ಈ ತಂತ್ರಾಂಶವನ್ನು 2006ರಲ್ಲಿ ಪೌಲ್ ಹೆನ್ನಿಂಗ್ ಕಾಂಪ್ ರೂಪಿಸಿದರು. ಕುಕೀ ಎಂದರೆ ಬಹುಪಾಲು ಲಾಗಿನ್ ಆದವರ ಗುರುತು. ಒಬ್ಬರ ಖಾತೆಯ ಪುಟವನ್ನು ಕ್ಯಾಶ್‌ನಿಂದ ತೆಗೆದು ಇನ್ನೊಬ್ಬರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2015ರ ಡಿಸೆಂಬರ್ 25ರಂದು ಆಟಗಳ ಮಾರಾಟ ತಾಣ ಸ್ಟೀಮ್‌ನಲ್ಲಿ ಜಗತ್ತು ನೋಡಿತು. ದಾಳಿಯ ದಟ್ಟಣೆ ತಡೆಯಲು ಅವಸರದಲ್ಲಿ ಹಾಕಿದ ಕ್ಯಾಶ್ ಹೊಂದಿಕೆ ತಪ್ಪಿ, ಸುಮಾರು 34 ಸಾವಿರ ಬಳಕೆದಾರರ ವಿಳಾಸ, ಇ–ಮೇಲ್, ಖರೀದಿಯ ವಿವರದಂಥವು ಕಂಡಕಂಡವರ ಪರದೆಯ ಮೇಲೆ ಬಂದವು. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ಇಂಥದೇ ಕ್ಯಾಶ್ (ಪ್ರಾಕ್ಸಿ ಕ್ಯಾಶ್) ಡೀಫಾಲ್ಟ್ ಆಗಿ ಬಂದ್ ಇರುವುದರಲ್ಲಿ, ತೆರೆದ ಮೇಲೂ ಕುಕೀ ಹೊಸದಾಗಿ ಇಡುವ ಉತ್ತರಗಳನ್ನು ಅದು ಕೂಡಿಟ್ಟುಕೊಳ್ಳದೇ ಇರುವುದರಲ್ಲಿ ನನಗೆ ಕಾಣುವುದು ಇದೇ ಎಚ್ಚರ. ಯಾವ ಪುಟ ಎಲ್ಲರಿಗೂ ಒಂದೇ, ಯಾವುದು ಒಬ್ಬೊಬ್ಬರದು ಎಂಬುದು ಜಾಲತಾಣದವರಿಗೆ ಗೊತ್ತೇ ಹೊರತು ತಂತ್ರಾಂಶ ಬರೆದವರಿಗಲ್ಲ. ಅದನ್ನು ಹೇಳಿಕೊಡಬೇಕಾದವರೂ ಇವರೇ.

ಪ್ರೋಗ್ರಾಂಗಳಿಗೆ ಮೆಮೊರಿ ಹಂಚುವ ಅಲೊಕೇಟರ್‌ನ ಕಥೆ ಇನ್ನೂ ಕಣ್ಣಿಗೆ ಬೀಳದ್ದು. ಮದುವೆ ಮನೆಯ ಉಗ್ರಾಣವನ್ನು ನೆನೆದರೆ ಇದು ಅರ್ಥವಾಗುತ್ತದೆ. ಒಂದೇ ಉಗ್ರಾಣ, ಒಂದೇ ಬೀಗದ ಕೈ ಇದ್ದರೆ ಅಡುಗೆಯವರೆಲ್ಲ ಬಾಗಿಲಲ್ಲಿ ಕಾಯಬೇಕು. ಹಾಗಾಗಬಾರದೆಂದು ಲಿನಕ್ಸ್‌ನಲ್ಲಿ ಈ ಹಂಚಿಕೆ ಮಾಡುವ ಜಿಲಿಬ್‌ಸಿ ಎಂಬ ಮೂಲ ತಂತ್ರಾಂಶ ಹಲವು ಉಗ್ರಾಣಗಳನ್ನು ತೆರೆಯುತ್ತದೆ. 64 ಬಿಟ್ ಯಂತ್ರದಲ್ಲಿ ಅವುಗಳ ಡೀಫಾಲ್ಟ್ ಮಿತಿ ಕೋರ್‌ಗಳ (ಪ್ರೊಸೆಸರ್‌ನ ಲೆಕ್ಕ ಮಾಡುವ ಘಟಕಗಳ) ಸಂಖ್ಯೆಯ ಎಂಟು ಪಟ್ಟು, ಅಂದರೆ 8 ಕೋರ್‌ಗೆ 64. ಕಾಯುವುದು ತಪ್ಪಿತು ನಿಜ, ಆದರೆ ಪ್ರತಿ ಉಗ್ರಾಣದಲ್ಲೂ ಅರ್ಧ ಖಾಲಿಯಾದ ಚೀಲಗಳು ಉಳಿಯುತ್ತವೆ. ಒಂದು ಹಿಡಿ ಅಕ್ಕಿ ತಳದಲ್ಲಿದ್ದರೂ ಆ ಚೀಲವನ್ನು ಅಂಗಡಿಗೆ ಹಿಂದಿರುಗಿಸಲಾಗದಂತೆ, ಬಳಸಿ ಬಿಟ್ಟ ಮೆಮೊರಿ ಆಪರೇಟಿಂಗ್ ಸಿಸ್ಟಂಗೆ ಮರಳುವುದಿಲ್ಲ. ಅದೇ ಸಂಸ್ಥೆಯ ಅರ್ಜಿ ಸ್ವೀಕರಿಸುವ ರೂಬಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಸೋಮವಾರ 600 ಎಂಬಿಯಲ್ಲಿ ಶುರುವಾಗಿ ಶುಕ್ರವಾರದ ಹೊತ್ತಿಗೆ 2 ಜಿಬಿ ದಾಟುತ್ತಿತ್ತು. ಎಲ್ಲರೂ ಅದನ್ನು ಪ್ರೋಗ್ರಾಂನ ಸೋರಿಕೆಯೆಂದೇ ನಂಬಿ ವಾರಕ್ಕೊಮ್ಮೆ ರಾತ್ರಿ ರೀಸ್ಟಾರ್ಟ್ ಮಾಡುತ್ತಿದ್ದರು. ಉಗ್ರಾಣಗಳ ಮಿತಿಯನ್ನು 2ಕ್ಕೆ ಇಳಿಸುವ ಒಂದು ಸಾಲು ಸೇರಿಸಿದ ಮೇಲೆ ಅದು 900 ಎಂಬಿಯ ಆಸುಪಾಸಿನಲ್ಲೇ ನಿಂತಿತು. ಇದು ನನ್ನ ಜಾಣತನವೇನಲ್ಲ. ಆ್ಯಪ್‌ಗಳನ್ನು ನಡೆಸಿಕೊಡುವ ಹೆರೋಕು ಕಂಪನಿ 2019ರಲ್ಲೇ ಹೊಸ ರೂಬಿ ಆ್ಯಪ್‌ಗಳಿಗೆ ಇದೇ ಮಿತಿಯನ್ನು ಡೀಫಾಲ್ಟ್ ಮಾಡಿತ್ತು. ಜೇಸನ್ ಇವಾನ್ಸ್ ಬರೆದ, ಮೊದಲು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಬಳಕೆಗೆ ಬಂದ ಜೆಮ್ಯಾಲಾಕ್ ಎಂಬ ಬೇರೆ ಅಲೊಕೇಟರನ್ನು ಬಳಸುವ ದಾರಿಯೂ ಇದೆ. ಆದರೆ ಅಂತರ್ಜಾಲದಲ್ಲಿ ಸಿಗುವ ‘ವೇಗದ ಹೊಂದಿಕೆ’ಗಳನ್ನು ಕಣ್ಣುಮುಚ್ಚಿ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ; ಅವು ಇನ್ನೊಬ್ಬರ ಯಂತ್ರದ ಡೀಫಾಲ್ಟ್‌ಗಳು, ಅಷ್ಟೇ.

ಇನ್ನೊಂದು ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯದು ಬರಿಯ ಗುಣಾಕಾರ. ಒಂದೊಂದು ಕೋರಿಕೆಗೂ ಒಂದು ಪ್ರತ್ಯೇಕ ಪ್ರಕ್ರಿಯೆ ದುಡಿಯುವ ಪ್ರಿಫೋರ್ಕ್ ಕ್ರಮದಲ್ಲಿ ಏಕಕಾಲಕ್ಕೆ 256 ಪ್ರಕ್ರಿಯೆಗಳವರೆಗೆ ಹೋಗಲು ಅದರ ಮೂಲ ಮೌಲ್ಯ ಬಿಡುತ್ತದೆ. ಒಂದೊಂದು 50 ಎಂಬಿ ತಿಂದರೂ 12 ಜಿಬಿ ಮೀರುತ್ತದೆ. 4 ಜಿಬಿಯ ಯಂತ್ರದಲ್ಲಿ ಇದನ್ನು ಹಾಗೆಯೇ ಬಿಟ್ಟವರಿಗೆ ದಟ್ಟಣೆಯ ದಿನ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಸಂಸ್ಥೆಗಳ ಟೆಂಡರ್ ಪತ್ರಗಳಲ್ಲಿ ಕೋರ್ ಎಷ್ಟು, ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ಪುಟಗಟ್ಟಲೆ ಇರುತ್ತದೆ. ಕ್ಯಾಶ್‌ಗೆ ಎಷ್ಟು ಮೀಸಲು, ಯಾವ ಪುಟಗಳನ್ನು ಎಷ್ಟು ಹೊತ್ತು ಇಡಬೇಕು, ಯಾವ ಡೀಫಾಲ್ಟ್‌ಗಳನ್ನು ಯಾಕೆ ಬದಲಿಸಲಾಗಿದೆ ಎಂಬುದನ್ನು ಬರೆದುಕೊಡಬೇಕೆಂಬ ಒಂದು ಷರತ್ತನ್ನು ನಾನು ಈವರೆಗೆ ಕಂಡಿಲ್ಲ. ಹೊಸ ಯಂತ್ರದ ಬಿಲ್ಲಿಗೆ ಸಹಿ ಹಾಕುವ ಮೊದಲು ಈ ಒಂದು ಪುಟವನ್ನು ಕೇಳಿ ಪಡೆಯಬೇಕು. ನಿಮ್ಮ ವರದಿಗಾರರಲ್ಲೂ ಒಂದು ಬಿನ್ನಹ: ಮುಂದಿನ ಸಲ ‘ಸರ್ವರ್ ಡೌನ್’ ಎಂದು ಬರೆಯುವ ಮುನ್ನ, ಆ ದಿನ ನೂರು ಕೋರಿಕೆಗಳಲ್ಲಿ ಎಷ್ಟಕ್ಕೆ ಕ್ಯಾಶ್‌ನಿಂದ ಉತ್ತರ ಹೋಯಿತೆಂದು ಸಂಬಂಧಪಟ್ಟವರನ್ನು ಕೇಳಿ. ಮೇಲೆ ಹೇಳಿದ ಸಂಸ್ಥೆಯಲ್ಲಿ ಮೊದಲು ಅದು ಐದು ಕೂಡ ಇರಲಿಲ್ಲ. ಪಟ್ಟಿಯ ಪುಟದಲ್ಲಿ ಕುಕೀಯನ್ನು ಕಡೆಗಣಿಸುವಂತೆ ಮಾಡಿ, ಕ್ಯಾಶ್‌ಗೆ 8 ಜಿಬಿ ಕೊಟ್ಟ ಮೇಲೆ ತೊಂಬತ್ತು ದಾಟಿತು. 32 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೂ ಖಾಲಿಯೇ ಇದೆ.

ಇಂತಿ,
ಒಬ್ಬ ಸರ್ವರ್ ನಿರ್ವಾಹಕ, ಶಿವಮೊಗ್ಗ