ಅಪ್ಪನಿಗೆ, ಹ್ಯಾಮಕ್ ಸ್ಟ್ಯಾಂಡಿನ ಲೆಕ್ಕ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ, ಅಡಿಕೆ ಕೊಯ್ಲಿಗೆ ಜನ ಸಿಕ್ಕಿದರಾ, ಬರೆಯಿರಿ. ಮೊನ್ನೆ ಫೋನಿನಲ್ಲಿ ನನ್ನ ಮರಗೆಲಸದ ಬಗ್ಗೆ ಕೇಳಿದಿರಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅಳತೆ ಸಮೇತ ಹೇಳದಿದ್ದರೆ ನಿಮಗೆ ಸಮಾಧಾನವೂ ಆಗುವುದಿಲ್ಲ. ಅದಕ್ಕೇ ಈ ಪತ್ರ. ಕ್ಯಾಂಪಿಂಗಿಗೆ ಹೋದಾಗ ಹ್ಯಾಮಕ್, ಅಂದರೆ ಮಲಗುವ ಬಟ್ಟೆಯ ಜೋಲಿ, ತೂಗುಹಾಕಲು ಒಂದು ಮರದ ಸ್ಟ್ಯಾಂಡ್ ಮಾಡಿದ್ದೇನೆ. ಪೂರ್ತಿ ಬಿಚ್ಚಿ ಕಾರಿನೊಳಗೆ ಹಾಕಿಕೊಳ್ಳಬಹುದು, ಜೋಡಿಸಿದ ಮೇಲೆ ಅಲ್ಲಾಡುವುದಿಲ್ಲ.

ಮರಕ್ಕೇ ಕಟ್ಟಬಾರದಾ ಅಂತ ಅಮ್ಮ ಕೇಳ್ತಾಳೆ, ಗೊತ್ತು. ಚಳಿಗಾಲದಲ್ಲಿ ನಾವು ಜಾಸ್ತಿ ಹೋಗುವುದು ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 225 ಕಿಲೋಮೀಟರ್, ಮೊಹಾವಿ ಮರುಭೂಮಿ. 1994ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. ಜೋಶುವಾ ಅನ್ನುವ ಆ ಮರ ನಮ್ಮ ಕತ್ತಾಳೆಗೆ ಹತ್ತಿರದ ನೆಂಟ. ಒಳಗೆ ನಾರು, ನಮ್ಮ ಮರಗಳ ಹಾಗೆ ಬೆಳವಣಿಗೆಯ ಉಂಗುರ ಇಲ್ಲ, ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕಾಗಲಿ ಬೇರೆ ಗಿಡಕ್ಕಾಗಲಿ ಹ್ಯಾಮಕ್ ಕಟ್ಟುವುದನ್ನು ಪಾರ್ಕಿನವರು ನಿಷೇಧಿಸಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ ಅನ್ನಿಸುತ್ತದೆ. ಮೂರಾಳೆತ್ತರ ಬೆಳೆಯಲು ಒಬ್ಬ ಮನುಷ್ಯನ ಆಯಸ್ಸು ತೆಗೆದುಕೊಳ್ಳುವ ಗಿಡವನ್ನು ನಮ್ಮ ಒಂದು ರಾತ್ರಿಯ ನಿದ್ದೆಗೆ ಜಗ್ಗುವುದು ಯಾವ ನ್ಯಾಯ? ಅಡಿಕೆ ಚಪ್ಪರಕ್ಕೆ ಕಂಬ ಹುಗಿದ ಹಾಗೆ ಅಲ್ಲಿನ ನೆಲ ಅಗೆಯಲೂ ಬಾರದು. ಹಾಗಾಗಿ ತನ್ನಷ್ಟಕ್ಕೆ ತಾನೇ ನಿಲ್ಲುವ ಸ್ಟ್ಯಾಂಡೇ ಬೇಕು.

ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಸಿಗುತ್ತದೆ. ಆದರೆ ಅದರಲ್ಲಿ ಹೆಚ್ಚಿನವು ಗಿಡ್ಡ, ನನ್ನ 11 ಅಡಿಯ ಹ್ಯಾಮಕ್ಕಿಗೆ ಸಾಲುವುದಿಲ್ಲ. ಮರದ್ದಾದರೆ ನಮಗೆ ಬೇಕಾದ ಅಳತೆಗೆ ಮಾಡಬಹುದು, ಒಂದು ಕಾಲು ಸೀಳಿದರೆ ಅದೊಂದನ್ನೇ ಬದಲಾಯಿಸಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ಟ್ಯಾಂಡ್ ಅಂದರೆ ಎರಡು ಬದಿಗೆ ಕಾಲು, ಅವುಗಳ ಮೇಲೆ ಅಡ್ಡಕ್ಕೆ ಒಂದು ತೊಲೆ, ತೊಲೆಯ ಎರಡು ತುದಿಗೆ ಹ್ಯಾಮಕ್ಕಿನ ಹಗ್ಗ. ಹ್ಯಾಮಕ್ ಸ್ಟ್ಯಾಂಡ್ ಅಂದರೆ ದಪ್ಪ ಕಾಲು ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಲಿಗೆ ಬೀಳುವ ಭಾರ ಕಡಿಮೆ, ನಿಜವಾದ ಕೆಲಸ ಮೇಲಿನ ತೊಲೆಯದ್ದು. ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆ ಹಗ್ಗಕ್ಕೆ ಒದ್ದೆ ಕಂಬಳಿ ಹಾಕಿದರೆ ಎರಡೂ ಕಡೆಯ ಕಂಬ ಒಳಕ್ಕೆ ವಾಲುತ್ತವಲ್ಲ, ಇಲ್ಲಿಯೂ ಅದೇ ಎಳೆತ. 80 ಕೆ.ಜಿ. ಮನುಷ್ಯ ಮಲಗಿದಾಗ ಹಗ್ಗ ನೆಲಮಟ್ಟಕ್ಕೆ 30 ಡಿಗ್ರಿ ಇಳಿಜಾರಿನಲ್ಲಿದ್ದರೆ ಒಂದೊಂದು ಬದಿಯ ಹಗ್ಗದ ಮೇಲೆ 80 ಕೆ.ಜಿ. ಎಳೆತ ಬೀಳುತ್ತದೆ. ಅದನ್ನೇ ಬಿಗಿದು 10 ಡಿಗ್ರಿ ಮಾಡಿದರೆ ಸುಮಾರು 230 ಕೆ.ಜಿ.! ಅದೇ ಮನುಷ್ಯ, ಅದೇ ಹಗ್ಗ. ಆದ್ದರಿಂದ ಹ್ಯಾಮಕ್ ಯಾವತ್ತೂ ಸಡಿಲವಾಗಿ ಜೋತಾಡಬೇಕು. ಹಾಗೆ ಕಟ್ಟಿದರೆ ಅಡ್ಡಡ್ಡ ಓರೆಯಾಗಿ ಮಲಗಬಹುದು, ಬೆನ್ನು ಹೆಚ್ಚುಕಡಿಮೆ ನೇರ ಇರುತ್ತದೆ, ಬಿಲ್ಲಿನ ಹಾಗೆ ಬಾಗುವುದಿಲ್ಲ.

30 ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ ತೊಲೆಯನ್ನು ಎರಡು ತುದಿಯಿಂದ ಅದುಮುವ ಭಾರ ಸುಮಾರು 70 ಕೆ.ಜಿ., ಒಂದೊಂದು ಕಡೆಯ ಕಾಲುಗಳಿಗೆ ನೆಟ್ಟಗೆ ಇಳಿಯುವುದು 40 ಕೆ.ಜಿ. ಅಷ್ಟೇ. ತೊಲೆ ಒಳಮುಖ ಎಳೆತವನ್ನು ತಾನೇ ತಡೆದುಕೊಳ್ಳುವುದರಿಂದ ಕಾಲುಗಳು ಒಳಕ್ಕೆ ಮಗುಚುವುದಿಲ್ಲ. ಇಷ್ಟು ಅರ್ಥವಾದರೆ ಮಿಕ್ಕಿದ್ದೆಲ್ಲ ಬರೀ ಕೊಯ್ಯುವ, ತೂತು ಹೊಡೆಯುವ ಕೆಲಸ.

ಇಲ್ಲಿ ಸುಲಭವಾಗಿ ಸಿಗುವುದು ಡಗ್ಲಸ್ ಫರ್. ತಿಳಿ ಕೆಂಪು ಬಣ್ಣ, ಹಗುರ, ನೇರ ಎಳೆ. ಮತ್ತಿ, ಹೊನ್ನೆಯ ಗಟ್ಟಿತನ ಇದಕ್ಕಿಲ್ಲ, ಆದರೆ ತೂಕಕ್ಕೆ ಹೋಲಿಸಿದರೆ ಒಳ್ಳೆಯ ಶಕ್ತಿ. ಅಂಗಡಿಯಲ್ಲಿ "ಟೂ ಬೈ ಫೋರ್" ಅಂತ ಮಾರುವ ಪಕಾಸಿನ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು. ಲೆಕ್ಕ ಹಾಕುವಾಗ ಅದನ್ನೇ ಹಿಡಿಯಬೇಕು. ಒಂದೊಂದನ್ನೂ ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದೆ, ನೀವು ನೋಡುವ ಹಾಗೆಯೇ. ತಿರುಚಿದ್ದನ್ನೂ ಅಂಚಿನಲ್ಲಿ ಗಂಟು ಇದ್ದದ್ದನ್ನೂ ಬಿಟ್ಟೆ.

ತೊಲೆ 11 ಅಡಿ. ಅಷ್ಟುದ್ದದ್ದು ಕಾರಿನಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಐದೂವರೆ ಅಡಿಯ ಎರಡು ತುಂಡು. ನಡುವಿನ ಸೇರುವೆಗೆ ಎರಡೂ ಮಗ್ಗುಲಿಗೆ 2 ಅಡಿಯ ಪಟ್ಟಿ ಕೊಟ್ಟು, ಒಂದೊಂದು ತುಂಡಿಗೆ ಎರಡರಂತೆ ನಾಲ್ಕು ಬೋಲ್ಟು ಹಾಕಿದ್ದೇನೆ. ವಿಂಗ್ ನಟ್ಟು, ಪಾನಾ ಬೇಡ, ಕೈಯಲ್ಲೇ ಬಿಗಿಯಬಹುದು. ಈ ಸೇರುವೆಗೆ ನಾನು ಕೊಟ್ಟಷ್ಟು ಸಮಯ ಬೇರೆ ಯಾವುದಕ್ಕೂ ಕೊಟ್ಟಿಲ್ಲ. ಎರಡು ತುಂಡುಗಳ ಕೊಯ್ದ ತುದಿ ಒಂದಕ್ಕೊಂದು ಪೂರ್ತಿ ಕೂತುಕೊಳ್ಳಬೇಕು, ಆಗ ಅದುಮುವ ಭಾರ ಮರದಿಂದ ಮರಕ್ಕೇ ದಾಟುತ್ತದೆ. ಸಂದು ಉಳಿದರೆ ಅಷ್ಟೂ ಭಾರ ಬೋಲ್ಟಿನ ಮೇಲೆ ಬಿದ್ದು ತೂತು ಅಗಲವಾಗುತ್ತಾ ಹೋಗುತ್ತದೆ. ಮೂಲೆಮಟ್ಟ ಇಟ್ಟು ಗೆರೆ ಎಳೆದು ಕೈಗರಗಸದಲ್ಲಿ ಕೊಯ್ದೆ. ಜೋಡಿಸಿ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ತೂರಿತು. ಅಲ್ಲಿ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ ಮೇಲೆ ಅದೂ ನಿಂತಿತು.

ಎರಡು ತುದಿಗೆ ಒಂದೊಂದು ಮುಕ್ಕಾಲಿ. ಒಂದೂವರೆ ಇಂಚು ಚೌಕದ, ಐದೂವರೆ ಅಡಿ ಉದ್ದದ ಮೂರು ಕಾಲು, ಮೇಲ್ಗಡೆ ಹಗ್ಗದ ಕಟ್ಟು. ಕಟ್ಟಿನ ಮೇಲೆ ಕಾಲುಗಳು ಕತ್ತರಿಸಿಕೊಳ್ಳುವ ಕವೆಯಲ್ಲಿ ತೊಲೆ ಕೂರುತ್ತದೆ, ಅದನ್ನೂ ಬಿಗಿದು ಕಟ್ಟಬೇಕು. ಎರಡು ಕಾಲು ಅಕ್ಕಪಕ್ಕಕ್ಕೆ, ಒಂದು ಹೊರಕ್ಕೆ. ಹತ್ತುವಾಗ ಇಳಿಯುವಾಗ ನಾವು ಪಕ್ಕಕ್ಕೆ ಜಗ್ಗುತ್ತೇವಲ್ಲ, ಅದನ್ನು ಅಕ್ಕಪಕ್ಕದ ಕಾಲು ತಡೆಯುತ್ತವೆ. ಕಾಲು ಹರಡದ ಹಾಗೆ ಬುಡದ ಸುತ್ತ ಹಗ್ಗ ಬೇಕೇ ಬೇಕು, ಬಂಡೆಯ ಮೇಲಂತೂ ಅದಿಲ್ಲದೆ ಜಾರಿಬಿಡುತ್ತದೆ. ತೊಲೆಯ ಎತ್ತರ ನೆಲದಿಂದ 4 ಅಡಿ 8 ಇಂಚು. ಅದು ಹೇಗೆ ಬಂತು ಅಂದರೆ, ಮಲಗಿದಾಗ ನಡು 3 ಅಡಿ 2 ಇಂಚು ಕೆಳಗಿಳಿಯುತ್ತದೆ, ಅದರ ಕೆಳಗೆ ಒಂದೂವರೆ ಅಡಿ ಕುರ್ಚಿಯೆತ್ತರ. ಅದಕ್ಕಿಂತ ಮೇಲೆ ಕಟ್ಟಬಾರದು. ಏನಾದರೂ ಕಳಚಿದರೂ ಬೀಳುವುದು ಒಂದೂವರೆ ಅಡಿ ಮಾತ್ರ, ಕೆಳಗೆ ಕಲ್ಲಿರಬಾರದು ಅಷ್ಟೇ.

ಮನುಷ್ಯರು ಮಲಗುವ ಮೊದಲು ನೀರಿನ ಕ್ಯಾನುಗಳನ್ನು ಹ್ಯಾಮಕ್ಕಿಗೆ ತುಂಬಿ ನನ್ನ ತೂಕದ ಎರಡರಷ್ಟು ಭಾರ ಹಾಕಿ ಇಡೀ ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ತೊಲೆ ನೇರವೇ ಇತ್ತು. ಹೊಸ ಹಗ್ಗ ಮಾತ್ರ ಸ್ವಲ್ಪ ಎಳೆದುಕೊಂಡಿತ್ತು, ಮತ್ತೆ ಬಿಗಿದೆ. ಕ್ಯಾಂಪಿನಲ್ಲಿಯೂ ರಾತ್ರಿ ಮಲಗುವ ಮುಂಚೆ ಒಮ್ಮೆ ಎಲ್ಲ ನಟ್ಟು ಮುಟ್ಟಿ ನೋಡುತ್ತೇನೆ.

ಮರಕ್ಕೆ ಅಗಸೆ ಎಣ್ಣೆ ಹಚ್ಚಿದ್ದೇನೆ. ನಮ್ಮ ಆಚಾರಿಗೂ ಇದೊಂದು ಹೇಳಿ: ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸಿಕ್ಕಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಒಣಗಿಸಬೇಕು, ಇಲ್ಲ ನೀರಲ್ಲಿ ನೆನೆಸಬೇಕು.

ಡಿಸೆಂಬರಿನಲ್ಲಿ ನೀವಿಬ್ಬರೂ ಬಂದಾಗ ಅಲ್ಲಿಗೆ ಹೋಗೋಣ. ಮರುಭೂಮಿ ಅಂದ ಮಾತ್ರಕ್ಕೆ ಸೆಖೆ ಅಂದುಕೊಳ್ಳಬೇಡಿ, ಆಗ ರಾತ್ರಿ ಸೊನ್ನೆ ಡಿಗ್ರಿಗೂ ಇಳಿಯುತ್ತದೆ. ಹ್ಯಾಮಕ್‌ನಲ್ಲಿ ಚಳಿ ಬರುವುದು ಕೆಳಗಿನಿಂದ. ನಾವು ಮಲಗಿದ ಭಾರಕ್ಕೆ ಕೆಳಗಿನ ಹೊದಿಕೆ ಚಪ್ಪಟೆಯಾಗಿ ಬೆಚ್ಚಗಿಡುವ ಗಾಳಿಯೇ ಅದರಲ್ಲಿ ಉಳಿಯುವುದಿಲ್ಲ. ಹೊರಗಡೆಯಿಂದ, ಬಟ್ಟೆಗೆ ಅದುಮದ ಹಾಗೆ ಇನ್ನೊಂದು ಹೊದಿಕೆ ಕಟ್ಟಬೇಕು. ಅದಕ್ಕೆ ಅಟ್ಟದ ಮೇಲಿರುವ ದಪ್ಪ ಕರಿ ಕಂಬಳಿ ತನ್ನಿ, ಬ್ಯಾಗಿನಲ್ಲಿ ಜಾಗವಿದ್ದರೆ.

ಇನ್ನೊಂದು. ಕಾಲಿನ ಬುಡ ನೆಲದ ತೇವ ಹೀರುತ್ತದೆ, ತುದಿಯ ಎಳೆಯಿಂದಲೇ ನೀರು ಏರುವುದು. ಚಪ್ಪರದ ಕಂಬಕ್ಕೆ ನೀವು ಗೇರೆಣ್ಣೆ ಹಚ್ಚುತ್ತಿದ್ದಿರಲ್ಲ, ಎಷ್ಟು ಸಲ, ಬಿಸಿ ಮಾಡಿಯಾ ಹಾಗೇನಾ? ಇಲ್ಲಿ ಅದು ಸಿಗುವುದು ಕಷ್ಟ, ಅಗಸೆ ಎಣ್ಣೆಯನ್ನೇ ನಾಲ್ಕು ಕೈ ಹಚ್ಚಿದರೆ ಸಾಕಾ, ಯೋಚನೆ ಮಾಡಿ ಬರೆಯಿರಿ. ಅಲ್ಲಿಯವರೆಗೆ ಕಾಲಿಗೆ ಹಳೆ ಟೈರಿನ ತುಂಡು ಹೊಡೆದಿದ್ದೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗ