ಶಾಲು ಹೊದಿಸಲು ಹೊತ್ತಿತ್ತು, ಸ್ವರ್ಣಲತೆಗೆ ಇರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಮ್ಮೂರಿನಲ್ಲಿ ಮತ್ತೆ ರಂಗಕ್ಕೆ ಬಂದ ಗಿರೀಶ ಕಾರ್ನಾಡರ ‘ಯಯಾತಿ’ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಎರಡು ಪತ್ರ ಓದಿದೆ. ಅಪ್ಪನಿಗಾಗಿ ಯೌವನವನ್ನೇ ಕೊಟ್ಟ ಮಗನನ್ನು ಕೈಲಾಗದವನ ಹಾಗೆ ತೋರಿಸಿದ್ದಾರೆ ಎಂದು ಒಬ್ಬರಿಗೆ ಬೇಸರ. ಸೊಸೆ ಮಾವನ ಎದುರು ನಿಂತು ಆಡುವ ಮಾತು ಮನೆಮಂದಿ ಕೂತು ಕೇಳುವಂಥದ್ದಲ್ಲ ಎಂದು ಇನ್ನೊಬ್ಬರಿಗೆ ಸಿಟ್ಟು. ಆ ದಿನ ಕೊನೇ ಸಾಲಿನಲ್ಲಿ ಕೂತು ನಾನೂ ನೋಡಿದೆ. ನನಗೂ ಒಂದು ತಕರಾರಿದೆ, ಆದರೆ ಅದು ಬೇರೆ.

ಮೊದಲು ಮಗನ ವಿಷಯ. ಮಹಾಭಾರತದ ಯಯಾತಿಗೆ ಐದು ಗಂಡುಮಕ್ಕಳು. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದಾಗ, ಅದನ್ನು ತಗೊಂಡು ನಿಮ್ಮ ಯೌವನ ಕೊಡಿ ಎಂದು ಮಕ್ಕಳನ್ನು ಕೇಳಿದ. ನಾಲ್ವರು ಒಲ್ಲೆ ಎಂದರು. ಪುರು ಒಪ್ಪಿದ, ರಾಜ್ಯ ಅವನಿಗೆ ಸಿಕ್ಕಿತು. ಕಾರ್ನಾಡರು ಈ ಕಥೆಯೊಳಗೆ ಒಂದು ಹೆಣ್ಣನ್ನು ತಂದು ನಿಲ್ಲಿಸಿದರು. ಪುರುವಿನ ಹೆಂಡತಿ ಚಿತ್ರಲೇಖೆ. ಆಗಷ್ಟೇ ಮನೆ ತುಂಬಿದವಳು. ಅವತ್ತೇ ರಾತ್ರಿ ಗಂಡ ಮುದುಕನಾಗಿ ಕೂತಿದ್ದಾನೆ. ಈ ನಾಟಕ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಅಚ್ಚಾಯಿತು. ಬರೆಯುವಾಗ ಕಾರ್ನಾಡರು ಓದಲು ಇಂಗ್ಲೆಂಡಿಗೆ ಹೊರಟಿದ್ದ ಹುಡುಗ, ಮಗ ಕೈತಪ್ಪಿಯಾನು ಎಂಬ ದಿಗಿಲು ಮನೆಯವರಿಗೆ. ಆ ಒತ್ತಡದಲ್ಲೇ ಬರೆದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಅಂಥ ಹುಡುಗ ಪುರುವನ್ನು ಹೊಗಳಲಿ ಎಂದರೆ ಹೇಗೆ?

ನಾನು 30 ವರ್ಷ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದವನು. ಮಾಲೀಕರಿಗೆ ಎಂಬತ್ತರ ಹತ್ತಿರ. ಗಲ್ಲಾದ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಐವತ್ತು ದಾಟಿದ ಮಗ, ಗಿರಾಕಿಗೆ ಟೀ ತರಿಸಬೇಕಾದರೂ ‘ಅಪ್ಪಾಜಿ, ಚಿಲ್ಲರೆ’ ಎಂದು ಕೈ ಚಾಚಬೇಕು. ಅವರು ಎರಡು ಸಲ ಎಣಿಸಿ ಕೊಡುತ್ತಿದ್ದರು. ಓಣಿಯವರೆಲ್ಲ ಆ ಮಗನನ್ನು ಬಂಗಾರದಂಥ ಮನುಷ್ಯ ಎನ್ನುತ್ತಿದ್ದರು, ನಾನೂ ಅಂದಿದ್ದೇನೆ. ಅವರ ಹೆಂಡತಿಗೆ ಏನನ್ನಿಸುತ್ತಿತ್ತೋ, ನಾವ್ಯಾರೂ ಕೇಳಲಿಲ್ಲ. ನಾಟಕದ ಪುರು ಮೆಟ್ಟಿಲಿನ ಮೇಲೆ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕೂತನಲ್ಲ, ಬಿಳಿ ಗಡ್ಡವೂ ಇಲ್ಲ, ಬಣ್ಣವೂ ಇಲ್ಲ, ಆಗ ನನ್ನ ಕಣ್ಣ ಮುಂದೆ ಬಂದದ್ದು ಆ ಗಲ್ಲಾಪೆಟ್ಟಿಗೆ. ಆ ಪಾತ್ರ ಮಾಡಿದ ಹುಡುಗನಿಗೆ ಶಹಬ್ಬಾಸ್ ಅನ್ನಲೇಬೇಕು.

ಇನ್ನು ಸೊಸೆಯ ಮಾತು. ಮಾತು ಬಿರುಸೇ, ಇಲ್ಲ ಅನ್ನುವುದಿಲ್ಲ. ನಾನು ಕೈಹಿಡಿದ ಯೌವನ ಈಗ ನಿಮ್ಮ ಮೈಯಲ್ಲಿದೆ, ಹಾಗಾದರೆ ನನ್ನ ಗತಿ ಏನು ಎಂದು ಚಿತ್ರಲೇಖೆ ಮಾವನನ್ನೇ ಕೇಳುತ್ತಾಳೆ. ಸಭೆ ಗಪ್‌ಚುಪ್. ನನ್ನ ಪಕ್ಕದವರು ನೀರು ಕುಡಿಸುವ ನೆಪದಲ್ಲಿ ಮೊಮ್ಮಗಳನ್ನು ಎಬ್ಬಿಸಿಕೊಂಡು ಹೊರಗೆ ಹೋದರು. ಆ ಕಡೆ ಕೂತಿದ್ದ ಹೆಂಗಸೊಬ್ಬರು ಮಾತ್ರ ಗಟ್ಟಿಯಾಗಿಯೇ, ‘ಕೇಳ್ಲಿ ಬಿಡ್ರೀ, ಕೊಡೋಕ್ ಮೊದ್ಲು ಆಕೀನ ಯಾರಾದ್ರೂ ಕೇಳಿದ್ರಾ?’ ಅಂದರು. ಪತ್ರ ಬರೆದವರ ಕಿವಿಗೂ ಅದು ಬಿದ್ದಿದ್ದರೆ ಚೆನ್ನಾಗಿತ್ತು.

ಹಾಗೆ ನೋಡಿದರೆ ಸಂಸಾರದ ಜಗಳ ದಾವಣಗೆರೆಯವರಿಗೆ ಹೊಸದೇ? ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯ ಊರು ಇದು. ಟೆಂಟಿನ ನಾಟಕಗಳಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದನ್ನು, ಅತ್ತೆ ಸೊಸೆಯನ್ನು ಬೀದಿಗೆ ಹಾಕಿದ್ದನ್ನು ನೋಡಿ ಬೆಳೆದವರು ನಾವು. ಏನೇ ಆಗಲಿ, ಮಂಗಳ ಹಾಡುವ ಹೊತ್ತಿಗೆ ಎಲ್ಲರೂ ಅತ್ತು ಒಂದಾಗಿರುತ್ತಿದ್ದರು. ಅದೂ ಒಂದು ಸುಖವೇ, ನಾನೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡಿದ್ದೇನೆ. ಇಲ್ಲಿ ಆ ಸುಖ ಇಲ್ಲ. ಚಿತ್ರಲೇಖೆ ವಿಷ ಕುಡಿಯುತ್ತಾಳೆ. ಆಮೇಲೆ ಯಯಾತಿ ಮುಪ್ಪನ್ನು ವಾಪಸ್ ತಗೊಂಡರೆಷ್ಟು, ಬಿಟ್ಟರೆಷ್ಟು? ಪತ್ರ ಬರೆದ ಇಬ್ಬರಿಗೂ ನಿಜವಾಗಿ ಚುಚ್ಚಿದ್ದು ಇದೇ ಇರಬೇಕು ಅಂತ ನನ್ನ ಗುಮಾನಿ.

ಈಗ ನನ್ನ ತಕರಾರು. ತಂಡದವರು ದಾಸಿ ಸ್ವರ್ಣಲತೆಯ ಕಥೆಯನ್ನು ಕತ್ತರಿಸಿಬಿಟ್ಟಿದ್ದಾರೆ. ಗಂಡನ ಸಂಶಯದಲ್ಲಿ ಬೆಂದುಹೋದ ತನ್ನ ಬಾಳನ್ನು ಆಕೆ ಚಿತ್ರಲೇಖೆಯ ಮುಂದೆ ಹೇಳಿಕೊಳ್ಳುವ ಭಾಗ ಅದು. ಅರಮನೆಯ ಸೊಸೆ, ಮನೆಯ ದಾಸಿ, ಇಬ್ಬರೇ. ಬೇರೆಯವರ ಸಂಕಟಕ್ಕೆ ತಾನು ಸುಟ್ಟುಕೊಂಡವಳ ಮಾತು ಕೇಳಿದ ಮೇಲೆ ಚಿತ್ರಲೇಖೆ ಮಾಡುವುದಕ್ಕೆ ಒಂದು ತೂಕ ಬರುತ್ತದೆ. ಅದನ್ನು ತೆಗೆದರೆ ಆಕೆ ಸುಮ್ನೆ ಸಿಟ್ಟಿಗೆ ಸತ್ತ ಹಾಗೆ ಕಾಣುತ್ತದೆ. ನನ್ನ ಮುಂದಿನ ಸಾಲಿನ ಹುಡುಗನೊಬ್ಬ ‘ಇಷ್ಟಕ್ಕೇನಾ?’ ಅಂದ. ತಪ್ಪು ಅವನದಲ್ಲ.

ನಾಟಕ ಉದ್ದವಾಯಿತು, ಜನ ಎದ್ದು ಹೋಗುತ್ತಾರೆ ಎಂದು ತಂಡದವರೊಬ್ಬರು ಹೇಳಿದರು. ಅವತ್ತು ಗಣ್ಯರಿಗೆ ಶಾಲು ಹೊದಿಸಿ ಭಾಷಣ ಮಾಡಿಸಲು ಮುಕ್ಕಾಲು ಗಂಟೆ ಸಿಕ್ಕಿತ್ತು. ಸ್ವರ್ಣಲತೆಗೆ ಹತ್ತು ನಿಮಿಷ ಸಿಗಲಿಲ್ಲ. ಪಕ್ಕದ ಜಿಲ್ಲೆಯ ಸಾಣೇಹಳ್ಳಿಯಲ್ಲಿ ನವೆಂಬರ್ ಚಳಿಯಲ್ಲೂ ಜನ ಬಯಲಿನಲ್ಲಿ ಕೂತು ನಾಟಕ ನೋಡುತ್ತಾರೆ. ನೋಡುವವರಿಗೆ ತಾಳ್ಮೆ ಇಲ್ಲ ಎಂಬ ಮಾತು ನಮ್ಮ ಕಡೆ ನಡೆಯುವುದಿಲ್ಲ.

ಇನ್ನೊಂದು ಪ್ರದರ್ಶನ ಇದೆಯಂತೆ. ಆ ದೃಶ್ಯವನ್ನು ಮತ್ತೆ ಸೇರಿಸಲಿ. ಹೇಳಿದ ಹೊತ್ತಿಗೆ ಶುರು ಮಾಡಲಿ, ಹರಿಹರದ ಕಡೆಯವರಿಗೆ ಬಸ್ ಸಿಗಬೇಕಲ್ವಾ? ಪತ್ರ ಬರೆದ ಇಬ್ಬರೂ ಬರುವುದಾದರೆ ಟಿಕೆಟ್ ನನ್ನದು. ಆಮೇಲಿನ ಮಂಡಕ್ಕಿ, ಮೆಣಸಿನಕಾಯಿ ಅವರದು.

– ನಿಮ್ಮ ಹಳೆಯ ಓದುಗ, ದಾವಣಗೆರೆ