ಹಳದಿ ಚೀಲ ಕೊಟ್ಟವರಿಗೆ, ಕೆಂಪು ಚೀಲ ಕೊಟ್ಟವರಿಗೆ

ನಮ್ಮ ಮಗಳು ಪುಟ್ಟಿಗೆ ಬೋನ್ ಮ್ಯಾರೋ (ಮೂಳೆಯೊಳಗಿನ, ರಕ್ತ ತಯಾರಿಸುವ ಮಜ್ಜೆ) ಕಸಿ ಆಗಿ 100 ದಿನ ದಾಟಿತು. ಆ ವಾರ್ಡಿನ ಅಪ್ಪ-ಅಮ್ಮಂದಿರೆಲ್ಲ ಕಾಯುವ ಗಡಿ ಇದು. ರಿಪೋರ್ಟ್ ನೋಡಿದ ಡಾಕ್ಟರು "ಇನ್ನು ಊರಿಗೆ ಹೊರಡಿ" ಅಂದರು. ದಾವಣಗೆರೆಗೆ ಬಂದಿದ್ದೇವೆ. ಫೋನ್ ಮಾಡಿದವರಿಗೆಲ್ಲ ಆಗ ಸರಿಯಾಗಿ ಉತ್ತರಿಸಲು ಆಗಿರಲಿಲ್ಲ, ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅವಳಿಗೆ ಥಲಸ್ಸೇಮಿಯಾ ಮೇಜರ್, ಮೈಯಲ್ಲಿ ಸರಿಯಾದ ರಕ್ತ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮಗುವಾಗಿದ್ದಾಗಿನಿಂದ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕಿತ್ತು. ಹಾಗೆ ಏರಿಸಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ದಿನವೂ ಮಾತ್ರೆ. ನಾನು, ನನ್ನ ಹೆಂಡತಿ ಇಬ್ಬರೂ ವಾಹಕರು, ಅಂದರೆ ನಮಗೆ ಕಾಯಿಲೆ ಇಲ್ಲ, ಆದರೆ ಮಕ್ಕಳಿಗೆ ದಾಟಿಸಬಲ್ಲೆವು. ಎಚ್‌ಬಿಎ2 ಅನ್ನುವ ರಕ್ತಪರೀಕ್ಷೆ ಮಾಡಿಸಿದ್ದರೆ ಮೊದಲೇ ತಿಳಿಯುತ್ತಿತ್ತು, ಆದರೆ ನಮ್ಮ ಮದುವೆಗೆ ನೋಡಿದ್ದು ಜಾತಕ ಮಾತ್ರ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಣ್ಣನದು ಹೊಂದಿತು. ಸೊಂಟದ ಮೂಳೆಯಿಂದ ಮಜ್ಜೆ ತೆಗೆಸಿಕೊಂಡು ಎಚ್ಚರವಾದ ಕೂಡಲೇ ಅವನು ಕೇಳಿದ್ದು "ತಿಂಡಿ ಏನು?" ಅಂತ. ಮೊದಲ ಥ್ಯಾಂಕ್ಸ್ ಅವನಿಗೇ.

ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾದವರು 2017ರಲ್ಲಿ ಶುರುಮಾಡಿದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಿಂದ 10 ಲಕ್ಷದವರೆಗೆ ನೆರವು ಸಿಗುತ್ತದೆ. ಅದಿಲ್ಲದಿದ್ದರೆ ಮನೆ ಮಾರಬೇಕಿತ್ತು. ಅರ್ಜಿ ತುಂಬಿಸಿದ ಆಸ್ಪತ್ರೆಯ ಸೋಷಿಯಲ್ ವರ್ಕರ್ ಮೇಡಂಗೆ ನಮಸ್ಕಾರ.

ಆದರೆ ನಾನು ಹೆಚ್ಚು ಹೇಳಬೇಕಿರುವುದು ರಕ್ತ ಕೊಟ್ಟವರ ಬಗ್ಗೆ. ಕೀಮೋ ಕೊಟ್ಟು ಹಳೆಯ ಮಜ್ಜೆಯನ್ನು ಪೂರ್ತಿ ಅಳಿಸುತ್ತಾರೆ. ಹೊಸದು ಬೇರೂರುವವರೆಗೆ ಮಗುವಿನ ಮೈಯಲ್ಲಿ ಸ್ವಂತದ್ದು ಅಂತ ರಕ್ತ ತಯಾರಾಗುವುದೇ ಇಲ್ಲ. ಆ ವಾರಗಳನ್ನು ದಾಟಿಸಿದವರು ನೀವು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಹಾಗಾಗಿ ಬೇಕಾದಾಗ ಬೇಕಾದವರು ಬರಲೇಬೇಕು. ಪುಟ್ಟಿಯದು ಬಿ ಪಾಸಿಟಿವ್, ಅಣ್ಣನದು ಒ ಪಾಸಿಟಿವ್. ಪ್ಲೇಟ್‌ಲೆಟ್ ಅವಳ ಬಿ ಗುಂಪಿನದು, ರಕ್ತ ಅಣ್ಣನ ಒ ಗುಂಪಿನದು ಬೇಕು ಅಂದರೆ "ಸರ್, ಸರಿಯಾಗಿ ವಿಚಾರಿಸಿ" ಅಂತ ನನಗೇ ಬುದ್ಧಿ ಹೇಳಿದವರಿದ್ದಾರೆ! ಅವರೂ ಬಂದರು.

ನೈಟ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಪೊಲೀಸ್ ಪೇದೆ. ನರ ಸಣ್ಣದು ಅಂತ ವಾಪಸ್ ಕಳಿಸಿದ್ದಕ್ಕೆ ಬೇಜಾರಾಗಿ, ರೂಮ್‌ಮೇಟನ್ನು ಎಬ್ಬಿಸಿ ಕರೆತಂದ ಎಂಜಿನಿಯರಿಂಗ್ ಹುಡುಗ. ಎರಡೂ ತೋಳು ಪ್ಲೇಟ್‌ಲೆಟ್ ತೆಗೆಯುವ ಮೆಷಿನ್ನಿಗೆ ಒಪ್ಪಿಸಿ ಒಂದೂವರೆ ಗಂಟೆ ಮಲಗಿದ್ದ ಆಟೋ ಅಣ್ಣ, ಮೂಗು ತುರಿಸುತ್ತಿದೆ ಅಂದಾಗ ನಾನೇ ಕರ್ಚೀಫಿನಿಂದ ಒರೆಸಿದ್ದೆ. ಬಾಡಿಗೆ ಬಿಟ್ಟು ಬಂದಿದ್ದರು, ಕೊಟ್ಟ ಆಟೋ ಚಾರ್ಜನ್ನೂ ತಗೊಳ್ಳಲಿಲ್ಲ.

ಒಂದು ಸಂಜೆ ಸ್ಟ್ಯಾಂಡಿನಲ್ಲಿ ಪ್ಲೇಟ್‌ಲೆಟ್ಟಿನ ಹಳದಿ ಚೀಲ, ಪಕ್ಕದಲ್ಲಿ ರಕ್ತದ ಕೆಂಪು ಚೀಲ ತೂಗುತ್ತಿದ್ದವು. ಬಾಯೆಲ್ಲ ಹುಣ್ಣಾಗಿ ಎಂಜಲು ನುಂಗಲೂ ಆಗದೆ ಮಲಗಿದ್ದವಳು ಬೆರಳು ತೋರಿಸಿ "ಅಪ್ಪಾಜಿ, ಕನ್ನಡ ಬಾವುಟ" ಅಂದಳು. ಸಿಸ್ಟರ್ ಕೇರಳದವರು. ಅವರಿಗೂ ಅರ್ಥವಾಗಿ ನಕ್ಕರು.

ಆಸ್ಪತ್ರೆ ಹತ್ತಿರ ರೂಮು ಕೊಟ್ಟ ಮನೆ ಮಾಲೀಕರು ಮಹಡಿ ಕಟ್ಟಿಸುವ ಕೆಲಸವನ್ನೇ ನಿಲ್ಲಿಸಿದರು. ಕಟ್ಟಡದ ಧೂಳಿನಲ್ಲಿ ಇರುವ ಫಂಗಸ್ ಇಂಥ ಮಕ್ಕಳ ಶ್ವಾಸಕೋಶಕ್ಕೆ ಇಳಿದರೆ ಕಷ್ಟ ಅಂತ ಒಮ್ಮೆ ಹೇಳಿದ್ದೆ, ಅಷ್ಟೇ. ಮರುದಿನ ಮೇಸ್ತ್ರಿ ಬರಲಿಲ್ಲ. ಪಪ್ಪಾಯಿ ಎಲೆ ರಸ ಕುಡಿಸಿ ಎಂದು ಮೆಸೇಜ್ ಮಾಡಿದ ಬಂಧುಗಳಿಗೂ ವಂದನೆ. ಕುಡಿಸಲಿಲ್ಲ, ಕ್ಷಮಿಸಿ.

ಈಗ ಅವಳ ರಕ್ತದ ಗುಂಪು ನಿಧಾನವಾಗಿ ಅಣ್ಣನದಕ್ಕೆ ತಿರುಗುತ್ತಿದೆ. ಮಾತ್ರೆಗಳಿವೆ, ಚೆಕಪ್ ಇದೆ, ಚಿಕ್ಕಂದಿನ ಲಸಿಕೆಗಳನ್ನು ಮತ್ತೆ ಹಾಕಿಸಬೇಕು. ಶಾಲೆ ಸದ್ಯಕ್ಕಿಲ್ಲ. ನೋಡಲು ಬರುತ್ತೇವೆ ಅನ್ನುವವರು ಇನ್ನೊಂದಿಷ್ಟು ದಿನ ತಡೆಯಿರಿ. ನೆಗಡಿ ಇದ್ದವರು ವಿಡಿಯೋ ಕಾಲ್ ಮಾಡಿ. ಹಣ್ಣು ಕಳಿಸುವುದಾದರೆ ದ್ರಾಕ್ಷಿ ಬೇಡ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣೋ ಕಿತ್ತಳೆಯೋ ಆಗಲಿ.